ಹಾಲೂಡಿಸುವುದನ್ನು ಕುಳಿತು ನೋಡುವವರೊಬ್ಬರು ಬೇಕು

ಹೆರಿಗೆಯಾದ ಮೊದಲ ವಾರದಲ್ಲಿ ಮಗುವಿಗೆ ಹಾಲೂಡಿಸಲು ಕಷ್ಟಪಡುತ್ತಿರುವ ತಾಯಿಗೆ ಸಲಹೆಗಳ ಕೊರತೆಯೇನೂ ಇರುವುದಿಲ್ಲ. ಮಗುವನ್ನು ನೋಡಲು ಬಂದವರು ಒಂದು ಹೇಳುತ್ತಾರೆ, ಫೋನಿನಲ್ಲಿ ವಿಚಾರಿಸಿದವರು ಇನ್ನೊಂದು ಹೇಳುತ್ತಾರೆ, ಪಾಳಿ ಬದಲಾದಂತೆ ಬರುವ ನರ್ಸ್‌ಗಳು ತಮ್ಮ ತಮ್ಮ ರೂಢಿಯಂತೆ ಮತ್ತೊಂದು ಹೇಳಿ ಹೋಗುತ್ತಾರೆ. ಇವರಲ್ಲಿ ಯಾರ ಕಾಳಜಿಯ ಬಗೆಗೂ ನನಗೆ ಸಂಶಯವಿಲ್ಲ. ಆದರೆ ಮಗು ಎದೆಗೆ ಬಾಯಿ ಹಾಕಿದ ಗಳಿಗೆಯಿಂದ ತಾನಾಗಿ ಬಿಡುವವರೆಗೆ ಪಕ್ಕದಲ್ಲಿ ಕುಳಿತು, ಅವಸರವಿಲ್ಲದೆ ಪೂರ್ತಿಯಾಗಿ ನೋಡಿ, ಆಮೇಲೆ ಬಾಯಿ ತೆರೆಯುವವರು ಬಹಳ ವಿರಳ. ಆರಂಭದ ತೊಂದರೆಗಳಲ್ಲಿ ಹೆಚ್ಚಿನವು ಬಗೆಹರಿಯುವುದು ಅಂಥ ಒಬ್ಬರು ಸಿಕ್ಕಾಗಲೇ ಎಂಬುದು ನನ್ನ ದೃಢವಾದ ನಂಬಿಕೆ. ಆ ಸಹಾಯವನ್ನು ಸಂಕೋಚಪಡದೆ, ತಡಮಾಡದೆ ಕೇಳಿ ಪಡೆಯಬೇಕು ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹಾಲೂಡಿಸುವುದು ಪ್ರಕೃತಿಸಹಜ ಎಂಬ ಮಾತು ನಿಜವೇ. ಆದರೆ ಅದನ್ನು ಕೇಳಿ ಕೇಳಿ ಎಷ್ಟೋ ತಾಯಂದಿರು, ತಮಗೆ ಕಷ್ಟವಾದೊಡನೆ ತಮ್ಮಲ್ಲೇ ಏನೋ ಕೊರತೆಯಿದೆ ಎಂದು ಒಳಗೊಳಗೇ ನೊಂದುಕೊಳ್ಳುತ್ತಾರೆ. ನಡೆಯುವುದೂ ಮನುಷ್ಯರಿಗೆ ಸಹಜವೇ. ಆದರೂ ಯಾರದಾದರೂ ಕೈ ಹಿಡಿದು, ಬಿದ್ದು ಎದ್ದೇ ಅದನ್ನು ಕಲಿಯುತ್ತೇವೆ. ಇಲ್ಲಂತೂ ಕಲಿಯುವವರು ಇಬ್ಬರು, ಮತ್ತು ಅವರಲ್ಲೊಬ್ಬರು ಈಗಷ್ಟೇ ಈ ಲೋಕಕ್ಕೆ ಬಂದವರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಹೆರಿಗೆ ಆಸ್ಪತ್ರೆಗಳಿಗಾಗಿ 1989ರಲ್ಲಿ ಹತ್ತು ಸೂತ್ರಗಳನ್ನು ಪ್ರಕಟಿಸಿದವು. 2018ರಲ್ಲಿ ಅವುಗಳನ್ನು ಪರಿಷ್ಕರಿಸಿದವು. ಹಾಲೂಡಿಸಲು ಆರಂಭಿಸುವುದಕ್ಕೂ, ಮುಂದುವರಿಸುವುದಕ್ಕೂ, ಸಾಮಾನ್ಯ ತೊಂದರೆಗಳನ್ನು ನಿಭಾಯಿಸುವುದಕ್ಕೂ ತಾಯಿಗೆ ನೆರವಾಗಬೇಕು ಎಂಬುದು ಅವುಗಳಲ್ಲಿ ಒಂದು. ಆಸ್ಪತ್ರೆಯಿಂದ ಮನೆಗೆ ಹೋದ ಮೇಲೂ ಸಕಾಲಕ್ಕೆ ಸಹಾಯ ಸಿಗುವಂತೆ ನೋಡಿಕೊಳ್ಳಬೇಕು ಎಂಬುದು ಇನ್ನೊಂದು. ಅಂದರೆ ತೊಂದರೆಗಳು ಬರುತ್ತವೆ ಎಂಬುದನ್ನು ಒಪ್ಪಿಕೊಂಡೇ ಆ ಸೂತ್ರಗಳು ಹುಟ್ಟಿವೆ. ಸಹಾಯ ಕೇಳುವ ತಾಯಿ ಯಾರಿಂದಲೂ ಉಪಕಾರ ಬೇಡುತ್ತಿಲ್ಲ. ತನಗೆ ಸಲ್ಲಬೇಕಾದುದನ್ನು ಕೇಳುತ್ತಿದ್ದಾಳೆ.

ಮೊದಲ ಎರಡು ಮೂರು ದಿನಗಳಲ್ಲಿ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ, ಹಾಲು ಬಂತೇ ಎಂಬುದು. ಹಾಲು ಆಗಲೇ ಇರುತ್ತದೆ. ದಪ್ಪಗೆ, ಹಳದಿ ಬಣ್ಣದಲ್ಲಿ, ಹನಿ ಹನಿಯಾಗಿ ಬರುವ ಆ ಗಿಣ್ಣುಹಾಲಿನ ಪ್ರಮಾಣ ಮೊದಲ 24 ಗಂಟೆಗಳಲ್ಲಿ ಎಲ್ಲ ಸೇರಿ ಸರಾಸರಿ 30 ಮಿಲಿಲೀಟರಿನಷ್ಟೇ. ಆಗತಾನೇ ಹುಟ್ಟಿದ ಮಗು ಮೊದಲ ದಿನ ಒಂದು ಸಲಕ್ಕೆ ಕುಡಿಯುವುದು ಸುಮಾರು 2ರಿಂದ 10 ಮಿಲಿಲೀಟರ್ ಮಾತ್ರವಾದ್ದರಿಂದ, ಆರೋಗ್ಯವಾಗಿ ಹುಟ್ಟಿದ ಹೆಚ್ಚಿನ ಮಕ್ಕಳಿಗೆ ಅದು ಸಾಲುತ್ತದೆ. ಸೋಂಕನ್ನು ತಡೆಯುವ ಅಂಶಗಳು ಅದರಲ್ಲಿ ದಟ್ಟವಾಗಿರುತ್ತವೆ; ಹೊಟ್ಟೆಯಲ್ಲಿರುವ ಕಪ್ಪು ಮಲ ಹೊರಬರುವುದಕ್ಕೂ ಅದು ನೆರವಾಗುತ್ತದೆ. ಮಾಸು ಬಿದ್ದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಒಮ್ಮೆಲೇ ಇಳಿಯುತ್ತದೆ, ಆ ಇಳಿಕೆಯೇ ಹೇರಳವಾಗಿ ಹಾಲು ಉತ್ಪತ್ತಿಯಾಗಲು ಸೂಚನೆ. ಸಾಮಾನ್ಯವಾಗಿ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಎದೆ ತುಂಬಿ ಭಾರವಾದದ್ದು ಅನುಭವಕ್ಕೆ ಬರುತ್ತದೆ. ಮೊದಲ ಹೆರಿಗೆ, ಸಿಸೇರಿಯನ್, ದೀರ್ಘಕಾಲದ ನೋವು, ತಾಯಿಗೆ ಸಕ್ಕರೆ ಕಾಯಿಲೆ, ಹೆರಿಗೆಯಲ್ಲಿ ಹೆಚ್ಚು ರಕ್ತ ಹೋದದ್ದು ಇವುಗಳಲ್ಲಿ ಯಾವುದಾದರೂ ಇದ್ದರೆ ಇನ್ನಷ್ಟು ತಡವಾಗಬಹುದು. ಮೂರು ದಿನ ಕಳೆದರೂ ಎದೆಯಲ್ಲಿ ಯಾವ ಬದಲಾವಣೆಯೂ ಕಾಣದಿದ್ದರೆ, ಕಾದು ನೋಡೋಣ ಎಂದು ಸುಮ್ಮನಿರದೆ ಮಗುವಿನ ತೂಕ ನೋಡಿಸಬೇಕು.

ಅಲ್ಲಿಂದ ಮುಂದೆ ಹಾಲಿನ ಲೆಕ್ಕವನ್ನು ನಡೆಸುವುದು ಬಹುಮಟ್ಟಿಗೆ ಎದೆಯೇ. ಎಷ್ಟು ಖಾಲಿಯಾಗುತ್ತದೆಯೋ ಅಷ್ಟು ಬೇಗ ಮತ್ತೆ ತುಂಬಿಕೊಳ್ಳುತ್ತದೆ. ತುಂಬಿಯೇ ಉಳಿದರೆ ಉತ್ಪತ್ತಿ ನಿಧಾನವಾಗುತ್ತದೆ. ಮಗು ಚೀಪಿದಾಗ ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ, ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ಹಾಲನ್ನು ಹೊರದೂಡುತ್ತದೆ. ಆದ್ದರಿಂದಲೇ ದಿನದ 24 ಗಂಟೆಗಳಲ್ಲಿ 8ರಿಂದ 12 ಸಲ, ರಾತ್ರಿಯನ್ನೂ ಸೇರಿಸಿ, ಮಗುವನ್ನು ಎದೆಗೆ ಹಾಕಿಕೊಳ್ಳಬೇಕು ಎಂದು ಹೇಳುವುದು. ಗಡಿಯಾರ ನೋಡಿಕೊಂಡು ಕುಡಿಸುವ ಪದ್ಧತಿ ಮೊದಲ ವಾರಗಳಿಗೆ ಹೊಂದುವುದಿಲ್ಲ. ಮಗು ತಲೆಯನ್ನು ಅತ್ತಿತ್ತ ಹೊರಳಿಸುವುದು, ಬಾಯಿ ತೆರೆದು ಹುಡುಕುವುದು, ಮುಷ್ಟಿಯನ್ನು ಬಾಯಿಗೆ ಒಯ್ಯುವುದು ಇವೆಲ್ಲ ಹಸಿವಿನ ಮೊದಲ ಗುರುತುಗಳು. ಅಳು ಬರುವುದು ಕೊನೆಗೆ. ಅತ್ತು ಕೆಂಪಾದ ಮಗು ನಾಲಿಗೆಯನ್ನು ಮೇಲಕ್ಕೆತ್ತಿ ಮೈ ಸೆಟೆದುಕೊಂಡಿರುವುದರಿಂದ ಎದೆಗೆ ಸರಿಯಾಗಿ ಬಾಯಿ ಹಾಕಲಾರದು. ಮೊದಲು ಅದನ್ನು ಬಟ್ಟೆಯಿಲ್ಲದೆ ಎದೆಯ ಮೇಲೆ ಮಲಗಿಸಿಕೊಂಡು ಸಮಾಧಾನಪಡಿಸಬೇಕು. ಹುಟ್ಟಿದ ಮೊದಲ ಗಂಟೆಯಲ್ಲಿ ಮೈಗೆ ಮೈ ತಾಗಿಸಿ ಮಲಗಿಸುವುದಕ್ಕೆ ಇರುವ ಮಹತ್ವವನ್ನು ಎಲ್ಲರೂ ಹೇಳುತ್ತಾರೆ. ಮೊದಲ ಗಂಟೆ ಕಾರಣಾಂತರದಿಂದ ತಪ್ಪಿಹೋದರೂ ಮುಂದಿನ ದಿನಗಳಲ್ಲಿ, ವಾರಗಳಲ್ಲಿ ಅದೇ ಉಪಾಯ ಅಷ್ಟೇ ಕೆಲಸಕ್ಕೆ ಬರುತ್ತದೆ ಎಂಬುದನ್ನು ಹೇಳುವವರು ಕಡಿಮೆ.

ಈಗ ನೋವಿನ ವಿಷಯಕ್ಕೆ ಬರುತ್ತೇನೆ. ಮೊದಲ ಕೆಲವು ದಿನಗಳಲ್ಲಿ ಮಗು ಬಾಯಿ ಹಾಕಿದ ಕೆಲವು ಕ್ಷಣ ಸೆಳೆತದಂಥ ನೋವಾಗಿ ಆಮೇಲೆ ಕಡಿಮೆಯಾಗುವುದು ಸಾಮಾನ್ಯ. ಆದರೆ ಕುಡಿಯುವಷ್ಟು ಹೊತ್ತೂ ನೋವು ಮುಂದುವರಿದರೆ, ಮೊಲೆತೊಟ್ಟು ಬಿರಿದರೆ, ರಕ್ತ ಬಂದರೆ, ಮುಂದಿನ ಸಲ ಮಗು ಎಚ್ಚರವಾಗುವುದೆಂದರೆ ಭಯವಾಗತೊಡಗಿದರೆ, ಅದು ಸಹಿಸಿಕೊಳ್ಳಬೇಕಾದ ನೋವಲ್ಲ. ಎಲ್ಲರಿಗೂ ಹೀಗೇ, ಅಭ್ಯಾಸವಾಗುತ್ತದೆ ಎಂಬ ಸಮಾಧಾನದ ಮಾತುಗಳು ನನಗೂ ಧಾರಾಳವಾಗಿ ಸಿಕ್ಕಿದ್ದವು. ನೋವಿನ ಕಾರಣವನ್ನು ಹುಡುಕಿದವರು ಒಬ್ಬ ಹಿರಿಯ ಸ್ತನ್ಯಪಾನ ಸಲಹೆಗಾರ್ತಿ.

ಅವರು ಬಂದವರೇ ಕೈ ತೊಳೆದುಕೊಂಡು, ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕುಳಿತರು. "ದಿನಾ ಹೇಗೆ ಕುಡಿಸ್ತೀರೋ ಹಾಗೇ ಕುಡಿಸಿಮ್ಮಾ, ನಾನು ನೋಡ್ತಾ ಇರ್ತೀನಿ" ಎಂದರು. ನಾನು ಹಲ್ಲು ಕಚ್ಚಿಕೊಂಡದ್ದನ್ನು, ಭುಜಗಳು ಕಿವಿಯ ತನಕ ಏರಿದ್ದನ್ನು, ಮಗುವಿನ ಹೊಟ್ಟೆ ಮೇಲ್ಮುಖವಾಗಿದ್ದು ಕತ್ತು ಮಾತ್ರ ನನ್ನ ಕಡೆಗೆ ತಿರುಗಿದ್ದನ್ನು ನೋಡುತ್ತಲೇ ಇದ್ದರು. ಮಗು ಎದೆ ಬಿಟ್ಟ ತಕ್ಷಣ ತೊಟ್ಟಿನ ಆಕಾರವನ್ನು ತೋರಿಸಿದರು: ಒಂದು ಬದಿಗೆ ಓರೆಯಾಗಿ ಚಪ್ಪಟೆಯಾಗಿತ್ತು, ತುದಿ ಬಿಳುಚಿಕೊಂಡಿತ್ತು. ಮಗುವಿನ ಬಾಯಿಗೆ ಬರಿಯ ತೊಟ್ಟು ಸಿಕ್ಕಿ, ಅದು ಗಟ್ಟಿ ಅಂಗುಳಕ್ಕೆ ಒತ್ತಿ ನಲುಗುತ್ತಿದೆ ಎಂಬುದರ ಗುರುತು ಅದು ಎಂದು ವಿವರಿಸಿದರು. ತೊಟ್ಟು ಬಾಯಿಯ ಹಿಂಭಾಗಕ್ಕೆ, ಮೆತ್ತನೆಯ ಅಂಗುಳದ ಹತ್ತಿರಕ್ಕೆ ತಲುಪಿದರೆ ಒತ್ತಡ ಬೀಳುವುದಿಲ್ಲ. ನಾಲಿಗೆ ಕೆಳಗಿಳಿದಾಗ ಉಂಟಾಗುವ ಸೆಳೆತಕ್ಕೆ ಹಾಲು ತಾನಾಗಿ ಬರುತ್ತದೆ.

ಆಮೇಲೆ ಅವರು ಮಾಡಿದ್ದು ಸಣ್ಣ ಸಣ್ಣ ಬದಲಾವಣೆಗಳು. ನನ್ನ ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ಹಿಂದಕ್ಕೆ ಒರಗಿಸಿದರು. ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗುವಂತೆ, ಅದರ ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರುವಂತೆ ಹೊರಳಿಸಿದರು. ನನ್ನ ಅಂಗೈಯನ್ನು ಮಗುವಿನ ತಲೆಯ ಹಿಂದಿನಿಂದ ತೆಗೆದು ಹೆಗಲುಗಳ ನಡುವೆ ಇಡಿಸಿದರು. ತಲೆಯನ್ನು ಹಿಂದಿನಿಂದ ಒತ್ತಿದರೆ ಮಗು ಪ್ರತಿಭಟಿಸಿ ಹಿಂದಕ್ಕೆ ಬಾಗುತ್ತದಂತೆ. ಮಗುವಿನ ಮೂಗು ತೊಟ್ಟಿನ ನೇರಕ್ಕೆ ಇರಬೇಕು, ಬಾಯಿ ಅಲ್ಲ ಎಂದರು. ತೊಟ್ಟು ಮೇಲ್ದುಟಿಗೆ ಸೋಕಿದಾಗ ಮಗು ತಲೆಯನ್ನು ತುಸು ಹಿಂದಕ್ಕೆ ಮಾಡಿ ಆಕಳಿಸುವಷ್ಟು ಅಗಲವಾಗಿ ಬಾಯಿ ತೆರೆಯಿತು, ಆಗ ಮಗುವನ್ನೇ ಎದೆಯ ಹತ್ತಿರಕ್ಕೆ ತಂದೆವು. ಮೊದಲು ಗದ್ದ ತಾಗಿತು, ಆಮೇಲೆ ಕೆಳದುಟಿ ಹೊರಕ್ಕೆ ಮಡಿಸಿಕೊಂಡು ಕುಳಿತಿತು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲೆ ಸ್ವಲ್ಪ ಕಾಣುತ್ತಿತ್ತು, ಕೆಳಗೆ ಕಾಣುತ್ತಿರಲಿಲ್ಲ. ಕೆನ್ನೆ ಒಳಕ್ಕೆ ಗುಳಿ ಬೀಳದೆ ತುಂಬಿಕೊಂಡಿತ್ತು. ಮೊದಲು ಬೇಗ ಬೇಗ ಚೀಪಿದ ಮಗು ಸ್ವಲ್ಪ ಹೊತ್ತಿಗೆ ನಿಧಾನವಾಗಿ, ಆಳವಾಗಿ ಚೀಪತೊಡಗಿತು. ಪ್ರತಿ ಸಲ ಗದ್ದ ಕೆಳಗಿಳಿದು ಒಂದು ಕ್ಷಣ ನಿಲ್ಲುತ್ತಿತ್ತು, ಆ ನಿಲುಗಡೆಯ ಹಿಂದೆಯೇ ಉಸಿರಿನಷ್ಟು ಮೆಲ್ಲಗೆ ನುಂಗುವ ಸದ್ದು ಕೇಳುತ್ತಿತ್ತು. "ಈಗ ಕುಡೀತಾ ಇದೆ, ಕೇಳಿಸಿತಾ?" ಎಂದರು ಅವರು. ಚೀಪುವುದಕ್ಕೂ ಕುಡಿಯುವುದಕ್ಕೂ ಇರುವ ವ್ಯತ್ಯಾಸ ನನ್ನ ಕಿವಿಗೆ ಬಿದ್ದದ್ದು ಆಗಲೇ. ಎಷ್ಟು ನಿಮಿಷ ಕುಡಿಸಿದಿರಿ ಎಂದು ಕೇಳುವವರೆಲ್ಲರೂ, ನುಂಗುವುದು ಕೇಳಿಸಿತೇ ಎಂದು ಕೇಳಿದರೆ ಎಷ್ಟೋ ಅನುಕೂಲವಾಗುತ್ತದೆ.

ಎಲ್ಲರಿಗೂ ಒಂದೇ ಭಂಗಿ ಹೊಂದಬೇಕೆಂದಿಲ್ಲ. ಹೊಟ್ಟೆಯ ಮೇಲೆ ಹೊಲಿಗೆಯಿರುವವರಿಗೆ ಮಗುವನ್ನು ಕಂಕುಳಿನ ಕೆಳಗೆ, ಕಾಲು ಬೆನ್ನಿನ ಕಡೆಗೆ ಬರುವಂತೆ ಹಿಡಿಯುವುದು ಅಥವಾ ಮಗ್ಗುಲಾಗಿ ಮಲಗಿ ಕುಡಿಸುವುದು ಸುಲಭ. ಹಿಡಿತ ಸರಿಯಾಗಿಲ್ಲ ಅನ್ನಿಸಿದರೆ ಮಗುವನ್ನು ಹಾಗೆಯೇ ಎಳೆದು ಬಿಡಿಸಬಾರದು. ಶುಭ್ರವಾದ ಕಿರುಬೆರಳನ್ನು ಬಾಯಿಯ ಮೂಲೆಯಿಂದ ವಸಡುಗಳ ನಡುವೆ ತೂರಿಸಿದರೆ ಸೆಳೆತ ಬಿಡುತ್ತದೆ, ಆಮೇಲೆ ಮತ್ತೆ ಬಾಯಿ ಹಾಕಿಸಬಹುದು. ಬಿರಿದ ತೊಟ್ಟಿಗೆ ಎದೆಹಾಲನ್ನೇ ಸವರುವುದು, ಉಣ್ಣೆಯಿಂದ ತೆಗೆದ ಮೇಣದಂಥ ಶುದ್ಧ ಲ್ಯಾನೋಲಿನ್ ಹಚ್ಚುವುದು ಹಿತವಾಗಿರುತ್ತದೆ. ಹಿಡಿತ ಸರಿಯಾಗದೆ ಮುಲಾಮು ಮಾತ್ರ ಬದಲಾಯಿಸುತ್ತಾ ಹೋದರೆ ಗಾಯ ಮಾಯುವುದಿಲ್ಲ. ಭಂಗಿ, ಹಿಡಿತ ಎರಡನ್ನೂ ತಿದ್ದಿದ ಮೇಲೂ ನೋವು ಹಾಗೆಯೇ ಇದ್ದರೆ ಮಗುವಿನ ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿ ನಾಲಿಗೆಯ ಚಲನೆಯನ್ನು ತಡೆಯುತ್ತಿದೆಯೇ ಎಂದು ತಿಳಿದವರಿಂದ ನೋಡಿಸಬೇಕು. ಆ ಪೊರೆ ಕಂಡ ಮಾತ್ರಕ್ಕೆ ಕತ್ತರಿಸಬೇಕೆಂದಿಲ್ಲ, ನಾಲಿಗೆ ತನ್ನ ಕೆಲಸವನ್ನು ಮಾಡುತ್ತಿದೆಯೇ ಎಂಬುದೇ ಮುಖ್ಯ.

ನೋವಿನಷ್ಟೇ ದೊಡ್ಡ ಇನ್ನೊಂದು ಸಂಕಟ, ಹಾಲು ಸಾಲುತ್ತಿಲ್ಲ ಎಂಬ ಅನುಮಾನ. ಹುಟ್ಟಿದ ಮಾರನೆಯ ರಾತ್ರಿ ಹೆಚ್ಚಿನ ಮಕ್ಕಳು ಬಿಟ್ಟೂ ಬಿಡದೆ ಎದೆ ಹುಡುಕುತ್ತವೆ; ಮುಂದೆ ಎಷ್ಟೋ ವಾರ ಸಂಜೆಯ ಹೊತ್ತು ಗಂಟೆಗಟ್ಟಲೆ ಹಾಗೆಯೇ ಮಾಡುತ್ತವೆ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರಾದರೂ ಪಾಪ, ಹೊಟ್ಟೆಗೆ ಸಾಲುತ್ತಿಲ್ಲವೇನೋ ಎಂದು ಒಂದು ಮಾತು ಆಡಿದರೂ ಸಾಕು, ತಾಯಿಯ ಧೈರ್ಯ ಕುಸಿಯುತ್ತದೆ. ಮಗು ಪದೇ ಪದೇ ಎದೆ ಕೇಳುವುದು, ಎದೆ ಮೊದಲಿನಷ್ಟು ಗಟ್ಟಿಯಾಗಿಲ್ಲದಿರುವುದು, ಪಂಪಿನಲ್ಲಿ ಸ್ವಲ್ಪವೇ ಹಾಲು ಬರುವುದು, ಇವುಗಳಲ್ಲಿ ಯಾವುದೂ ಹಾಲು ಕಡಿಮೆಯೆಂಬುದಕ್ಕೆ ಸಾಕ್ಷಿಯಲ್ಲ. ನಂಬಬಹುದಾದ ಸಾಕ್ಷಿ ಡೈಪರಿನಲ್ಲೂ ತಕ್ಕಡಿಯಲ್ಲೂ ಇದೆ. ಮೊದಲ ದಿನ ಒಮ್ಮೆಯಾದರೂ, ಎರಡನೆಯ ದಿನ ಎರಡು ಸಲ, ಹೀಗೆ ಏರುತ್ತಾ ಐದಾರನೆಯ ದಿನದ ಹೊತ್ತಿಗೆ 24 ಗಂಟೆಗಳಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ಮಗು ಚೆನ್ನಾಗಿ ಮೂತ್ರ ಮಾಡಬೇಕು. ಮಲದ ಬಣ್ಣ ಕಪ್ಪಿನಿಂದ ಹಸಿರಿಗೆ, ಹಸಿರಿನಿಂದ ನಾಲ್ಕೈದನೆಯ ದಿನಕ್ಕೆ ಹಳದಿಗೆ ತಿರುಗಬೇಕು. ಮೊದಲ ಒಂದೆರಡು ದಿನ ಡೈಪರಿನಲ್ಲಿ ಇಟ್ಟಿಗೆ ಬಣ್ಣದ ಕಲೆ ಕಂಡರೆ ಗಾಬರಿಯಾಗಬೇಕಿಲ್ಲ. ಆಮೇಲೂ ಕಾಣುತ್ತಿದ್ದರೆ ಮಗುವಿಗೆ ಹಾಲು ಸಾಲುತ್ತಿದೆಯೇ ಎಂದು ಪರೀಕ್ಷಿಸಬೇಕು.

ತೂಕದ ಲೆಕ್ಕವೂ ಎಲ್ಲ ತಾಯಂದಿರಿಗೆ ಮೊದಲೇ ತಿಳಿದಿರಬೇಕು. ಹುಟ್ಟಿದ ಮೇಲೆ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ಇಳಿಕೆ ಶೇಕಡಾ 7ನ್ನು ದಾಟಿದರೆ ಹಾಲೂಡಿಸುವುದನ್ನು ಗಮನವಿಟ್ಟು ನೋಡಬೇಕು, ಶೇಕಡಾ 10ನ್ನು ಮುಟ್ಟಿದರೆ ವೈದ್ಯರು ಕೂಡಲೇ ಪರೀಕ್ಷಿಸಬೇಕು. ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿ, ಅಲ್ಲಿಂದ ಮುಂದೆ ಮೊದಲ ತಿಂಗಳುಗಳಲ್ಲಿ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಈ ಅಂಕಿಗಳು ತಾಯಿಯನ್ನು ಹೆದರಿಸುವುದಕ್ಕಲ್ಲ. ಸುತ್ತಲಿನವರ ಊಹೆಗಳಿಂದ ಅವಳನ್ನು ಕಾಪಾಡುವುದಕ್ಕೆ ಇವೆ.

ಹಾಲು ನಿಜವಾಗಿಯೂ ಕಡಿಮೆಯಿರುವ ಸಂದರ್ಭಗಳೂ ಉಂಟು, ಅವುಗಳನ್ನು ಮುಚ್ಚಿಡುವುದು ತಾಯಿಗೂ ಮಗುವಿಗೂ ಅನ್ಯಾಯ. ಮಾಸಿನ ಚೂರು ಒಳಗೆ ಉಳಿದಿರುವುದು, ವಿಪರೀತ ರಕ್ತಸ್ರಾವ, ಥೈರಾಯ್ಡ್ ತೊಂದರೆ, ಹಿಂದೆ ಆದ ಸ್ತನದ ಶಸ್ತ್ರಚಿಕಿತ್ಸೆ, ಹಾಲು ಉತ್ಪಾದಿಸುವ ಅಂಗಾಂಶ ಚೆನ್ನಾಗಿ ಬೆಳೆಯದಿರುವುದು ಇಂಥ ಕಾರಣಗಳಿದ್ದಾಗ, ಇನ್ನಷ್ಟು ಪ್ರಯತ್ನಿಸಿ ಎಂಬ ಬರಿಯ ಪ್ರೋತ್ಸಾಹದಿಂದ ಏನೂ ಆಗುವುದಿಲ್ಲ. ಮಗುವಿನ ಹೊಟ್ಟೆ ತುಂಬಬೇಕು, ಹಾಲಿನ ಉತ್ಪತ್ತಿಯನ್ನು ಉಳಿಸಿಕೊಳ್ಳಬೇಕು, ಕಾರಣವನ್ನು ಹುಡುಕಬೇಕು. ಈ ಮೂರೂ ಒಟ್ಟಿಗೆ ನಡೆಯಬೇಕು. ಮೇಲುಹಾಲು ಬೇಕಾದಾಗ ಮೊದಲ ಆಯ್ಕೆ ತಾಯಿಯೇ ಹಿಂಡಿ ತೆಗೆದ ಹಾಲು, ಅದು ಸಾಲದಿದ್ದರೆ ಹಾಲಿನ ಬ್ಯಾಂಕಿನಲ್ಲಿ ಪರೀಕ್ಷಿಸಿ ಸಂಸ್ಕರಿಸಿದ ದಾನಿ ಹಾಲು, ಅದೂ ಸಿಗದಿದ್ದರೆ ಫಾರ್ಮುಲಾ, ಅಂದರೆ ಶಿಶುಗಳಿಗಾಗಿ ತಯಾರಿಸಿದ ಡಬ್ಬಿಯ ಹಾಲಿನ ಪುಡಿ. ಚಮಚದಲ್ಲೋ, ಸಣ್ಣ ಬಟ್ಟಲಿನಲ್ಲೋ, ಒಳಲೆಯಲ್ಲೋ ಮಗುವನ್ನು ತುಸು ನೇರವಾಗಿ ಕೂರಿಸಿಕೊಂಡು ನಿಧಾನವಾಗಿ ಕುಡಿಸಬಹುದು. ಮೊದಲ ದಿನಗಳ ಗಿಣ್ಣುಹಾಲನ್ನು ತೆಗೆಯಲು ಪಂಪಿಗಿಂತ ಕೈಯೇ ಮೇಲು: ಹೆಬ್ಬೆರಳನ್ನೂ ತೋರುಬೆರಳನ್ನೂ ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಎದುರುಬದುರಾಗಿ ಇಟ್ಟು, ಎದೆಗೂಡಿನ ಕಡೆಗೆ ಒತ್ತಿ, ಬೆರಳುಗಳನ್ನು ಚರ್ಮದ ಮೇಲೆ ಜಾರಿಸದೆ ಹಿಂಡಿ ಬಿಡಬೇಕು. ಮೊದಲು ಏನೂ ಬರುವುದಿಲ್ಲ, ಒಂದೆರಡು ನಿಮಿಷ ಅದೇ ಲಯದಲ್ಲಿ ಮಾಡುತ್ತಿದ್ದರೆ ಹನಿಯೊಡೆಯುತ್ತದೆ. ಫಾರ್ಮುಲಾ ಕೊಡಬೇಕಾಗಿ ಬಂದ ತಾಯಿ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಡಬ್ಬಿಯ ಮೇಲೆ ಬರೆದ ಅಳತೆಯನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಬೇಕು. ನೀರು ಹೆಚ್ಚಾದರೂ ಕಡಿಮೆಯಾದರೂ ಮಗುವಿಗೆ ಅಪಾಯ. ಆರು ತಿಂಗಳವರೆಗೆ ಬೇರೆಯಾಗಿ ನೀರು ಕುಡಿಸುವ ಅಗತ್ಯವೇ ಇಲ್ಲ.

ಅಳುವ ಮಗುವಿಗಿಂತ ಹೆಚ್ಚು ಎಚ್ಚರಿಕೆ ಬೇಕಾದದ್ದು ಅಳದೆ ಮಲಗಿಯೇ ಇರುವ ಮಗುವಿನ ವಿಷಯದಲ್ಲಿ. ತಿಂಗಳು ತುಂಬುವ ಮೊದಲು ಹುಟ್ಟಿದ ಮಕ್ಕಳು, ಅದರಲ್ಲೂ 34ರಿಂದ 36 ವಾರಗಳ ನಡುವೆ ಹುಟ್ಟಿದವು, ನೋಡಲು ತುಂಬಿದ ಮಕ್ಕಳಂತೆಯೇ ಕಂಡರೂ ನಾಲ್ಕು ಸಲ ಚೀಪಿ ನಿದ್ದೆ ಹೋಗುತ್ತವೆ. ಕಾಮಾಲೆಯಿರುವ ಮಗುವೂ ಹಾಗೆಯೇ. ಹಾಲು ಕಡಿಮೆಯಾದರೆ ಮಲ ಕಡಿಮೆಯಾಗುತ್ತದೆ, ಮಲದ ಮೂಲಕ ಹೊರಹೋಗಬೇಕಾದ ಬಿಲಿರುಬಿನ್ ಎಂಬ ಹಳದಿ ವಸ್ತು ಮತ್ತೆ ರಕ್ತಕ್ಕೆ ಸೇರಿ ಕಾಮಾಲೆ ಏರುತ್ತದೆ, ಕಾಮಾಲೆ ಏರಿದಂತೆ ಮಗು ಇನ್ನಷ್ಟು ಮಂಕಾಗಿ ಇನ್ನೂ ಕಡಿಮೆ ಕುಡಿಯುತ್ತದೆ. ನಮ್ಮ ಮಗು ತುಂಬಾ ಸಾಧು, ಅಳುವುದೇ ಇಲ್ಲ ಎಂಬ ಹೆಮ್ಮೆಯ ಮಾತನ್ನು ಮೊದಲ ವಾರದಲ್ಲಿ ಕೇಳಿದರೆ ನನಗೆ ಮೊದಲು ತೂಕವನ್ನೂ ಡೈಪರನ್ನೂ ವಿಚಾರಿಸಬೇಕೆನಿಸುತ್ತದೆ. ಇಂಥ ಮಗುವನ್ನು ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ, ಹೊದಿಕೆ ಬಿಚ್ಚಿ, ಅಂಗಾಲು ಸವರಿ ಕುಡಿಸಬೇಕು. ಎಬ್ಬಿಸಿದರೂ ಏಳದಿದ್ದರೆ, ಎಂಟು ಗಂಟೆ ಕಳೆದರೂ ಮೂತ್ರ ಮಾಡದಿದ್ದರೆ, ಬಾಯಿ ಒಣಗಿದ್ದರೆ, ಹಳದಿ ಬಣ್ಣ ಕಾಲಿನವರೆಗೆ ಇಳಿದಿದ್ದರೆ, ಮೈ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬಿಸಿಯಿದ್ದರೆ ಅಥವಾ ಅಸಹಜವಾಗಿ ತಣ್ಣಗಿದ್ದರೆ, ಸಲಹೆಗಾರರಿಗೆ ಫೋನ್ ಮಾಡುತ್ತಾ ಕೂರುವ ಸಮಯ ಅದಲ್ಲ. ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಹಾಲು ಹೆಚ್ಚಾಗಿ ಎದೆ ಕಟ್ಟಿಕೊಂಡಾಗ ತೊಂದರೆಯ ಸ್ವರೂಪ ಬೇರೆ. ಎದೆ ಕಲ್ಲಿನಂತಾಗಿ, ತೊಟ್ಟಿನ ಸುತ್ತಲಿನ ಭಾಗ ಬಿಗಿದು, ಮಗುವಿಗೆ ಬಾಯಲ್ಲಿ ಹಿಡಿಯಲು ಏನೂ ಸಿಗದಂತಾಗುತ್ತದೆ. ಆ ಊತದಲ್ಲಿ ಹಾಲಿನ ಜೊತೆಗೆ ಅಂಗಾಂಶದಲ್ಲಿ ತುಂಬಿಕೊಂಡ ನೀರಿನಂಶವೂ ಇರುತ್ತದೆ. ಕುಡಿಸುವ ಮೊದಲು ತೊಟ್ಟಿನ ಬುಡದ ಸುತ್ತ ಬೆರಳುಗಳ ತುದಿಯನ್ನಿಟ್ಟು ಒಂದು ನಿಮಿಷ ಎದೆಗೂಡಿನ ಕಡೆಗೆ ಮೆಲ್ಲಗೆ ಒತ್ತಿಹಿಡಿದರೆ ಆ ಭಾಗ ಮೆತ್ತಗಾಗಿ ಮಗುವಿಗೆ ಹಿಡಿತ ಸಿಗುತ್ತದೆ. ಕುಡಿಸಿದ ಮೇಲೆ ತಣ್ಣನೆಯ ಪಟ್ಟಿ ಹಾಕಿಕೊಂಡರೆ ಊತ ಇಳಿಯುತ್ತದೆ.

ಎದೆಯ ಒಂದು ಭಾಗ ಕೆಂಪಾಗಿ, ಮುಟ್ಟಿದರೆ ನೋಯುವಂತಾಗಿ, ಜ್ವರ ಮೈಕೈನೋವು ಬಂದರೆ ಅದು ಮಾಸ್ಟೈಟಿಸ್, ಅಂದರೆ ಎದೆಯ ಉರಿಯೂತ. ಗಂಟನ್ನು ಬಲವಾಗಿ ತಿಕ್ಕಿ ಕರಗಿಸಬೇಕು, ಎದೆಯನ್ನು ಪೂರ್ತಿ ಬರಿದು ಮಾಡಬೇಕು ಎಂಬುದು ಬಹುಕಾಲದಿಂದ ನಡೆದುಬಂದ ಉಪದೇಶ. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಎಂಬ ವೈದ್ಯರ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಇದಕ್ಕೆ ವ್ಯತಿರಿಕ್ತವಾಗಿದೆ: ಬಲವಾದ ಮಾಲೀಶು ಅಂಗಾಂಶಕ್ಕೆ ಪೆಟ್ಟು ಮಾಡಿ ಊತವನ್ನು ಹೆಚ್ಚಿಸುತ್ತದೆ, ಅಗತ್ಯಕ್ಕಿಂತ ಹೆಚ್ಚು ಹಿಂಡಿದರೆ ಉತ್ಪತ್ತಿಯೂ ಹೆಚ್ಚಿ ತೊಂದರೆ ಮರುಕಳಿಸುತ್ತದೆ. ಮಗುವಿಗೆ ಬೇಕಾದಷ್ಟು ಎಂದಿನಂತೆ ಕುಡಿಸುತ್ತಾ, ತಣ್ಣನೆಯ ಪಟ್ಟಿ ಮತ್ತು ವೈದ್ಯರು ಹೇಳಿದ ಐಬುಪ್ರೊಫೆನ್‌ನಂಥ ಊತ ಇಳಿಸುವ ಮಾತ್ರೆಯ ಸಹಾಯ ಪಡೆಯಬೇಕು. ಒಂದು ದಿನದೊಳಗೆ ಇಳಿಮುಖವಾಗದಿದ್ದರೆ ಆಂಟಿಬಯೋಟಿಕ್ ಬೇಕಾಗಬಹುದು. ಗಂಟು ಹಾಗೆಯೇ ಉಳಿದರೆ ಕೀವು ತುಂಬಿದೆಯೇ ಎಂದು ಸ್ಕ್ಯಾನ್ ಮಾಡಿಸಬೇಕು. ಆ ಎದೆಯ ಹಾಲನ್ನು ಕುಡಿಸಬಾರದೆಂದು ಹೇಳುವವರಿದ್ದಾರೆ. ಸಾಮಾನ್ಯವಾಗಿ ಅದರಿಂದ ಮಗುವಿಗೆ ತೊಂದರೆಯಿಲ್ಲ, ಥಟ್ಟನೆ ಕುಡಿಸುವುದನ್ನು ನಿಲ್ಲಿಸಿದರೆ ತಾಯಿಗೇ ಹೆಚ್ಚು ತೊಂದರೆ. ಔಷಧಿಗಳ ವಿಷಯದಲ್ಲೂ ಹೆಚ್ಚಿನವು ಹಾಲೂಡಿಸುವ ತಾಯಿಗೆ ಹೊಂದುತ್ತವೆ. ಲ್ಯಾಕ್ಟ್‌ಮೆಡ್ ಎಂಬ ಮುಕ್ತ ದತ್ತಾಂಶ ಸಂಗ್ರಹದಲ್ಲಿ ಒಂದೊಂದು ಔಷಧಿಯ ವಿವರವೂ ಇರುವುದರಿಂದ, ಔಷಧಿಗಾಗಿ ಹಾಲು ಬಿಡಿಸಿ ಎಂಬ ಸಲಹೆ ಬಂದಾಗ ಒಮ್ಮೆ ಪರಿಶೀಲಿಸಿ ಹೇಳುವಂತೆ ವೈದ್ಯರನ್ನು ಕೇಳಬಹುದು.

ಮನೆಯವರಿಗೂ ಒಂದು ಮಾತು ಹೇಳಬೇಕಾಗಿದೆ. ಹಾಲೂಡಿಸುವ ತಾಯಿಗೆ ಬೇಕಾದ ನೆರವಿನಲ್ಲಿ ಬಹುಪಾಲು ಎದೆಗೆ ಸಂಬಂಧಿಸಿದ್ದಲ್ಲ. ಕುಡಿಸುವಾಗ ಕೈಗೆಟಕುವಂತೆ ನೀರು ಇಡುವುದು, ಕುಡಿಸಿದ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗಿಸುವುದು, ಡೈಪರ್ ಬದಲಿಸಿ ಬರೆದಿಡುವುದು, ತಾಯಿಗೆ ಮಧ್ಯೆ ಎರಡು ಗಂಟೆ ಒಂದೇ ಸಮನೆ ನಿದ್ದೆ ಸಿಗುವಂತೆ ನೋಡಿಕೊಳ್ಳುವುದು ಇವೆಲ್ಲ ಯಾರಾದರೂ ಮಾಡಬಹುದಾದ ಕೆಲಸಗಳು. ಮಗುವಿನ ತಂದೆ ಪಕ್ಕದಲ್ಲಿ ಕುಳಿತು ಹಿಡಿತದ ವಿವರಗಳನ್ನು ತಾನೂ ಕಲಿತುಕೊಂಡರೆ, ನಡುರಾತ್ರಿ ತಾಯಿಗೆ ಕಾಣದ ಕೋನದಿಂದ ಕೆಳದುಟಿ ಒಳಕ್ಕೆ ಮಡಚಿದೆ ಎಂದು ಹೇಳಲು ಒಬ್ಬರಾದರೂ ಇರುತ್ತಾರೆ. ಹೆರಿಗೆಯಾದ ಮೊದಲ ವಾರದಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಆ ಮಂಕು ಎರಡು ವಾರ ಮೀರಿ ಉಳಿದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ತನಗೋ ಮಗುವಿಗೋ ಹಾನಿ ಮಾಡುವ ಯೋಚನೆ ಸುಳಿದರೆ, ಅದು ವೈದ್ಯರ ಹತ್ತಿರ ಹೋಗಬೇಕಾದ ಕಾಯಿಲೆ. ಕೊನೆಯದಕ್ಕಂತೂ ಒಂದು ದಿನವೂ ಕಾಯಬಾರದು. ಹಾಲೂಡಿಸುವುದನ್ನು ಮುಂದುವರಿಸುವುದೋ, ಕಡಿಮೆ ಮಾಡುವುದೋ, ನಿಲ್ಲಿಸುವುದೋ ಎಂಬ ತೀರ್ಮಾನದಲ್ಲಿ ತಾಯಿಯ ಆರೋಗ್ಯಕ್ಕೂ ಸಮಾನವಾದ ತೂಕವಿರಬೇಕೆಂದು ನಾನು ನಂಬುತ್ತೇನೆ.

ಸಹಾಯ ಎಲ್ಲಿ ಕೇಳಬೇಕೆಂಬುದನ್ನು ಹೆರಿಗೆಗೆ ಮೊದಲೇ ವಿಚಾರಿಸಿಟ್ಟುಕೊಂಡಿದ್ದರೆ ಒಳ್ಳೆಯದು. ಹೆರಿಗೆ ವಾರ್ಡಿನ ನರ್ಸ್‌ಗಳು, ಮಕ್ಕಳ ವೈದ್ಯರು, 1985ರಿಂದ ಅಂತರರಾಷ್ಟ್ರೀಯ ಪರೀಕ್ಷೆಯ ಮೂಲಕ ಅರ್ಹತೆ ಪಡೆಯುತ್ತಾ ಬಂದಿರುವ ಸ್ತನ್ಯಪಾನ ಸಲಹೆಗಾರರು, 1956ರಲ್ಲಿ ಏಳು ಮಂದಿ ತಾಯಂದಿರು ಸೇರಿ ಆರಂಭಿಸಿದ ಲಾ ಲೆಚೆ ಲೀಗ್‌ನಂಥ ತಾಯಂದಿರ ಬಳಗಗಳು, ಹೀಗೆ ದಾರಿಗಳು ಹಲವಿವೆ. ಯಾರ ಹತ್ತಿರ ಹೋದರೂ ಒಂದು ಪೂರ್ತಿ ಹಾಲೂಡಿಕೆಯನ್ನು ನೋಡುವಂತೆ ಬಾಯಿ ಬಿಟ್ಟು ಕೇಳಬೇಕು. ಮಗುವಿಗೆ ತುಸು ಹಸಿವಾಗಿರುವ ಹೊತ್ತಿಗೆ ಭೇಟಿಯನ್ನು ಹೊಂದಿಸಿಕೊಂಡರೆ ಅವರಿಗೆ ನೋಡಲು ಅನುಕೂಲ. ಹಿಂದಿನ ದಿನ ಕುಡಿಸಿದ ಹೊತ್ತು, ಮೂತ್ರ ಮಲದ ಲೆಕ್ಕ, ಹುಟ್ಟಿದಾಗಿನ ತೂಕ ಮತ್ತು ಆಮೇಲಿನ ತೂಕಗಳನ್ನು ಬರೆದುಕೊಂಡು ಹೋಗಬೇಕು. ಪಂಪ್ ಬಳಸುತ್ತಿದ್ದರೆ ಅದನ್ನೂ ಒಯ್ಯಬೇಕು, ಏಕೆಂದರೆ ಎದೆಗೆ ಹಿಡಿಯುವ ಅದರ ಕೊಳವೆಯ ಅಳತೆ ತಪ್ಪಿದ್ದರೂ ತೊಟ್ಟು ನೋಯುತ್ತದೆ. ಮಗುವಿನ ಬಾಯೊಳಗೆ ಬೆರಳಿಟ್ಟು ಚೀಪುವ ರೀತಿಯನ್ನು ಪರೀಕ್ಷಿಸುವಂತೆಯೂ, ಗ್ರಾಂ ಲೆಕ್ಕ ತೋರಿಸುವ ಸೂಕ್ಷ್ಮ ತಕ್ಕಡಿಯಿದ್ದರೆ ಅದೇ ಬಟ್ಟೆಯಲ್ಲಿ ಕುಡಿಸುವ ಮೊದಲೂ ಕುಡಿಸಿದ ಮೇಲೂ ತೂಗುವಂತೆಯೂ ಕೇಳಬಹುದು. ಎಷ್ಟು ಗ್ರಾಂ ಹೆಚ್ಚಾಯಿತೋ ಹೆಚ್ಚುಕಡಿಮೆ ಅಷ್ಟು ಮಿಲಿಲೀಟರ್ ಹಾಲು ಹೊಟ್ಟೆಗೆ ಹೋಗಿದೆ. ಹೊರಡುವ ಮುನ್ನ, ಅವರು ಕೈ ಹಾಕದೆ ನೀವೇ ಮಗುವಿಗೆ ಒಮ್ಮೆ ಬಾಯಿ ಹಾಕಿಸಿ ತೋರಿಸಿ, ಮತ್ತೆ ಯಾವಾಗ ಬರಬೇಕೆಂಬುದನ್ನು ಬರೆಸಿಕೊಳ್ಳಿ. ಬಂದವರು ಎದೆಯನ್ನೊಂದು ಕೈಯಲ್ಲೂ ಮಗುವಿನ ತಲೆಯನ್ನು ಇನ್ನೊಂದು ಕೈಯಲ್ಲೂ ಹಿಡಿದು ಒತ್ತಿ ಎರಡೇ ನಿಮಿಷಕ್ಕೆ ಎದ್ದುಹೋದರೆ, ಬೇರೊಬ್ಬರನ್ನು ಕಳುಹಿಸಿ ಎಂದು ಕೇಳಲು ಹಿಂಜರಿಯಬೇಡಿ.